ಶನಿವಾರ ಗಾಣ ಹೂಡದವರು

ಕೊಂಕಣ ಸೀಮಿಯೊಳಗ ಎಣ್ಣಿ ಗಾಣದವರು ಎರಡು ನಮೂನಿ ಇದ್ದರು. ಮರಾಠಿಯೊಳಗ ಗಾಣಿಗರಿಗೆ ತೇಲಿ ಅಂತಾರ. ಸೋಮವಾರ ಎತ್ತಿಗೆ ಸೂಟಿ ಕೊಡೋರು ಸೋಮವಾರ ತೇಲಿ, ಶನಿವಾರ ಸೂಟಿ ಕೊಡೋರು ಶನಿವಾರ ತೇಲಿ. ಸೋಮವಾರದ್ದು ನಮಗ ಬಿಡಿಸಿ ಹೇಳೋದ ಬ್ಯಾಡ. ಅದು ಈಶ್ವರನ ವಾರ, ನಮ್ಮ ಕಡೆ ಒಕ್ಕಲತನದವರೂ ಅವತ್ತು ಬಸವಣ್ಣನ ಹೆಗಲಿಗೆ ನೊಗ ಇಡಂಗಿಲ್ಲ. ಆದ್ರ ಶನಿವಾರ ಯಾಕ? ಊರ ಮಂದಿ ಅದನ್ನ ಭಾಳ ವಿಚಾರ ಮಾಡಲಿಲ್ಲ. ಒಂದೊಂದು ಜಾತಿಗೆ ಒಂದೊಂದು ವಾರ ಇರತದ, ಇವರದು ಶನಿವಾರ, ಅಷ್ಟ. ಆ ಶನಿವಾರದ ಬೆನ್ನಹತ್ತಿ ಹೋದ್ರ ಅದು ಜೆರುಸಲೇಮಿಗೆ ಹೋಗಿ ಮುಟ್ಟತದ ಅಂತ ಊರವರಿಗೆ ಯಾರೂ ಹೇಳಿದ್ದಿಲ್ಲ. ಆ ಗಾಣಿಗರಿಗೂ ಪೂರ್ತಿ ನೆನಪು ಉಳದಿದ್ದಿಲ್ಲ.

ಇವರ ಹೆಸರು ಬೆನೆ ಇಸ್ರೇಲ್. ಇಸ್ರೇಲನ ಮಕ್ಕಳು ಅಂತ ಅರ್ಥ. ಇವತ್ತಿನ ರಾಯಗಡ ಜಿಲ್ಲಾ, ಮೊದಲ ಅದಕ್ಕ ಕೊಲಾಬಾ ಅಂತಿದ್ರು, ಅಲ್ಲಿ ಅಲಿಬಾಗ, ರೇವದಂಡಾ, ಪೇಣ, ಪನವೇಲ ಸುತ್ತಲಿನ ಹಳ್ಳಿಗಳೊಳಗ ಈ ಯಹೂದಿ ಮಂದಿ ಚದುರಿಕೊಂಡಿದ್ದರು. ಅವರ ಹಿರ್ಯಾರು ಹೇಳೋ ಕಥಿ ಹಿಂಗದ: ಭಾಳ ವರ್ಷದ ಹಿಂದ ನವಗಾಂವ ದಂಡಿಗೆ ಒಂದು ಹಡಗ ಒಡೀತು, ಏಳು ಗಂಡಸರು ಏಳು ಹೆಣ್ಣಮಕ್ಕಳು ಬದುಕಿ ದಡಾ ಸೇರಿದ್ರು, ಜೋಡಿ ಇದ್ದ ಪುಸ್ತಕ ಎಲ್ಲಾ ಸಮುದ್ರದ ಪಾಲಾತು. ಸತ್ತವರನ್ನ ಹುಗದ ಜಾಗಾ ಅಂತ ನವಗಾಂವದಾಗ ಇವತ್ತೂ ತೋರಸ್ತಾರ. ಕಥಿ ಯಾವ ಕಾಲದ್ದು ಅನ್ನೋ ವಾದ ಪಂಡಿತರಿಗೆ ಬಿಡೂಣು. ನಾವು ಹಿಡಕೊಳ್ಳೋ ಮಾತು ಒಂದ: ಪುಸ್ತಕ ಇಲ್ಲದ ಬಂದವರು.

ಪುಸ್ತಕ ಇಲ್ಲ, ಪುರೋಹಿತ ಇಲ್ಲ, ಪ್ರಾರ್ಥನಿ ಮಾಡಲಿಕ್ಕೆ ಗುಡಿ ಇಲ್ಲ. ಭಾಷಾನೂ ಹೋತು, ಮನಿಮಾತು ಮರಾಠಿ ಆತು. ಅಬ್ರಹಾಮ ಅನ್ನೋ ಹೆಸರು ಅಬಾಜಿ ಆತು, ಸ್ಯಾಮುವೆಲ್ ಸಾಮಾಜಿ ಆತು. ಅಡ್ಡಹೆಸರು ಊರಿನ ಮ್ಯಾಲೆ ಬಂದ್ವು: ಪೇಣದವರು ಪೇಣಕರ, ಕಿಹೀಮದವರು ಕೆಹೀಮಕರ, ನವಗಾಂವದವರು ನವಗಾಂವಕರ. ಇಂಥಾ ‘ಕರ’ ಅಡ್ಡಹೆಸರು ನೂರಕ್ಕೂ ಮಿಕ್ಕಿ ಅವ. ಹೆಣ್ಣಮಕ್ಕಳು ಸೀರಿ ಉಟ್ಟರು. ನೆರೆಹೊರೆಯವರಂಗ ದನದ ಮಾಂಸಾ ಮುಟ್ಟಲಿಲ್ಲ, ವಿಧವಾ ಮರುಮದುವಿ ಒಪ್ಪಲಿಲ್ಲ. ಮತ್ತ ಉಳದದ್ದರ ಏನು?

ಉಳದದ್ದು ಮನಿಯೊಳಗಿಂದು. ಗಂಡಕೂಸಿಗೆ ಎಂಟನೇ ದಿನ ಸುನ್ನತಿ, ಶನಿವಾರ ಕೆಲಸಕ್ಕ ಸೂಟಿ, ದೇವರು ಒಬ್ಬನ ಅಂತ ಸಾರೋ ಹೀಬ್ರೂ ಪ್ರಾರ್ಥನಿ ಒಂದು. ಅದಕ್ಕ ‘ಶೆಮಾ’ ಅಂತಾರ. ಮದುವಿಗೂ ಅದ, ಸುನ್ನತಿಗೂ ಅದ, ಸಾವಿಗೂ ಅದ. ಮತ್ತ ಊಟದ ನೇಮ.

ಇವರ ಹಬ್ಬದ ಹೆಸರು ಕೇಳಿದ್ರ ನಮ್ಮ ಹೆಣ್ಣಮಕ್ಕಳಿಗೆ ಕೂಡಲೆ ತಿಳೀತದ. ಮರಾಠಿಯೊಳಗ ಹಬ್ಬಕ್ಕ ಸಣ ಅಂತಾರ. ಒಂದು ‘ಖೀರೀಚಾ ಸಣ’, ಅಂದ್ರ ಪಾಯಸದ ಹಬ್ಬ. ಒಂದು ‘ಬಿರಡ್ಯಾಚಾ ಸಣ’: ಅವರಿಕಾಳು ನೆನಸಿ, ಮೊಳಕಿ ಬರಿಸಿ, ಸಿಪ್ಪಿ ಸುಲದು ಮಾಡೋ ಪಲ್ಯಾಕ್ಕ ಬಿರಡಾ ಅಂತಾರ, ಅದರ ಹಬ್ಬ. ಖರೇ ಅಂದ್ರ ಅದು ಜೆರುಸಲೇಮಿನ ದೇವಾಲಯ ಹಾಳಾದದ್ದಕ್ಕ ಶೋಕ ಮಾಡೋ ದಿನ. ಯಹೂದಿಗಳ ದೊಡ್ಡ ಉಪವಾಸದ ದಿನ ಯೋಮ್ ಕಿಪ್ಪುರ್. ಕೊಂಕಣದಾಗ ಅದಕ್ಕ ಬಾಗಲಾ ಹಾಕೋ ಹಬ್ಬ ಅಂತಿದ್ರು, ಯಾಕಂದ್ರ ಅವತ್ತು ಬಿಳಿ ಅರಿಬಿ ಉಟಗೊಂಡು ಬಾಗಲಾ ಹಾಕ್ಕೊಂಡು ಮನಿಯೊಳಗ ಕೂಡತಿದ್ರು. ಮರದಿನ ‘ಶಿಳಾ ಸಣ’, ಅಂದ್ರ ತಂಗಳ ಹಬ್ಬ.

ಎಲ್ಲಾಕ್ಕಿಂತ ನನಗ ಹಿಡಿಸಿದ್ದು ಗಡಿಗಿ ಮುಚ್ಚೋ ಹಬ್ಬ. ವರ್ಷಾ ಪೂರ್ತಿ ಅಡಗಿಗೆ ಬಳಸೋ ಒಂದು ಹುಳಿ ರಸದ ಗಡಿಗಿ ಅವರ ಮನಿಯೊಳಗ ಇರತಿತ್ತು. ವಸಂತದಾಗ ಎಂಟು ದಿನ ಅದರ ಬಾಯಿ ಮುಚ್ಚಿಡತಿದ್ರು. ಯಾಕ? ಅದು ಪಾಸೋವರ್ ಹಬ್ಬದ ಕಾಲ. ಯಹೂದಿಗಳು ಈಜಿಪ್ತದ ಗುಲಾಮಗಿರಿ ಬಿಟ್ಟು ಹೊಂಟಾಗ ಹಿಟ್ಟು ಹುದುಗು ಬರೋತನಕ ಕಾಯಲಿಕ್ಕೆ ಪುರಸತ್ತು ಇದ್ದಿಲ್ಲ, ಅದಕ್ಕ ಆ ದಿನದಾಗ ಹುದುಗು ಬಂದದ್ದು ಮನಿಯೊಳಗ ಮುಟ್ಟಬಾರದು ಅಂತ ನೇಮ. ಕೊಂಕಣದ ಹೆಣ್ಣಮಕ್ಕಳಿಗೆ ಆ ಪುಸ್ತಕದ ವಿಧಿ ಕೈಬಿಟ್ಟು ಹೋಗಿತ್ತು. ಗಡಿಗಿ ಮುಚ್ಚೋದು ಮಾತ್ರ ತಪ್ಪಲಿಲ್ಲ. ಅತ್ತಿ ಮುಚ್ಚತಿದ್ದಳು, ಸೊಸಿ ಮುಚ್ಚಿದಳು.

ಇವರು ಯಹೂದಿಗಳು ಅಂತ ಹೊರಗಿನವರಿಗೆ ಗೊತ್ತಾದದ್ದೂ ಅಡಗಿಮನಿಯಿಂದನ. ಡೇವಿಡ್ ರಹಾಬಿ ಅನ್ನೋ ಯಹೂದಿ ಪಂಡಿತ ಕೊಂಕಣಕ್ಕ ಬಂದಿದ್ದ ಅಂತ ಅವರ ಐತಿಹ್ಯ ಹೇಳತದ. ಹದಿನೆಂಟನೇ ಶತಮಾನದಾಗ ಕೊಚ್ಚಿಯ ರಹಾಬಿ ಮನೆತನದವ ಅಂವಾ ಅನ್ನೋರು ಭಾಳ ಮಂದಿ ಇದ್ದಾರ. ಇವರು ಖರೇನ ನಮ್ಮವರು ಹೌದೋ ಅಲ್ಲೋ ನೋಡೂಣು ಅಂತ ಅಂವಾ ಹೆಣ್ಣಮಕ್ಕಳ ಕೈಗೆ ಎಲ್ಲಾ ನಮೂನಿ ಮೀನ ಕೊಟ್ಟು ಅಡಗಿ ಮಾಡ್ರಿ ಅಂದನಂತ. ಅವರು ರೆಕ್ಕಿ, ಹುರುಪಿ ಎರಡೂ ಇದ್ದ ಮೀನ ಅಷ್ಟ ಆರಿಸಿಕೊಂಡು ಉಳದದ್ದು ಬದಿಗೆ ಸರಿಸಿದ್ರು. ಧರ್ಮಗ್ರಂಥದಾಗ ಬರದ ನೇಮನೂ ಅದ. ಶಾಸ್ತ್ರಾ ಕೇಳಿದ್ದರ ಅವರಿಗೆ ಹೇಳಲಿಕ್ಕೆ ಬರತಿದ್ದಿಲ್ಲ, ಮೀನ ಆರಿಸಲಿಕ್ಕೆ ಬಂತು. ಆಮ್ಯಾಲೆ ರಹಾಬಿ ಝಿರಾಡ, ಶಾಪುರಕರ, ರಾಜಪುರಕರ ಅನ್ನೋ ಮೂರು ಮನೆತನದವರಿಗೆ ಪ್ರಾರ್ಥನಿ ಕಲಿಸಿದ, ಅವರಿಗೆ ಕಾಜಿ ಅಂತ ಹೆಸರು ಬಂತು ಅಂತಾರ.

ಹಂಗಾರ ಗುಡಿ ಎಂದ ಬಂತು? ಭಾಳ ತಡಾ ಆತು, ಮೊದಲನೇದಂತೂ ಹಳ್ಳಿಯೊಳಗ ಅಲ್ಲ, ಮುಂಬೈಯೊಳಗ. ಆ ಕಥಿಯೊಳಗ ನಮ್ಮ ನಾಡೂ ಬರತದ. ಬೆನೆ ಇಸ್ರೇಲ್ ಹುಡುಗರು ಗಾಣ ಬಿಟ್ಟು ಈಸ್ಟ್ ಇಂಡಿಯಾ ಕಂಪನಿ ಪಲ್ಟಣ ಸೇರಿದ್ರು. ಅವರೊಳಗ ಸ್ಯಾಮುವೆಲ್ ಎಜೆಕಿಯೆಲ್ ದಿವೇಕರ ಅನ್ನಾಂವ, ಊರ ಮಂದಿಗೆ ಸಾಮಾಜಿ ಹಸಾಜಿ, ಎರಡನೇ ಮೈಸೂರು ಯುದ್ಧದಾಗ ಟಿಪ್ಪು ಸುಲ್ತಾನನ ಕೈಯಾಗ ಸೆರಿ ಸಿಕ್ಕ. ನೀ ಯಾವ ಜಾತಿ ಅಂತ ಕೇಳಿದಾಗ ಬೆನೆ ಇಸ್ರೇಲ್ ಅಂದನಂತ. ಆ ಹೆಸರು ಕುರಾನಿನೊಳಗ ಅದ, ಇವನನ್ನ ಕೊಲ್ಲಬ್ಯಾಡ ಅಂತ ಸುಲ್ತಾನನ ತಾಯಿ ಅಂದಳು ಅಂತ ಅವರ ಮನಿಯೊಳಗ ಕಥಿ ಹೇಳತಾರ. ಅದು ಹೆಂಗರ ಇರವಲ್ಲದ್ಯಾಕ, ಬಿಡುಗಡಿ ಆಗಿ ಬಂದ ದಿವೇಕರ 1796ರಾಗ ಮುಂಬೈಯೊಳಗ ಸಿನಗಾಗ್ ಕಟ್ಟಿಸಿದ್ದು ಖರೇ. ಸಿನಗಾಗ್ ಅಂದ್ರ ಯಹೂದಿಗಳ ಪ್ರಾರ್ಥನಾ ಮಂದಿರ. ಇವರ ಬಾಯಾಗ ಅದು ಮಶೀದ. ದಿವೇಕರ ಕಟ್ಟಿಸಿದ್ದಕ್ಕ ‘ಜುನೀ ಮಶೀದ’, ಹಳೇ ಮಸೀದಿ, ಅಂತಾರ. ಹತ್ತಿರದ ರೈಲು ಸ್ಟೇಶನ್ನಿಗೆ ಮಸ್ಜಿದ ಅನ್ನೋ ಹೆಸರು ಬಂದದ್ದು ಇದರಿಂದನ ಅಂತ ಹೇಳೋರು ಇದ್ದಾರ.

ಪುಸ್ತಕ ತಿರಿಗಿ ಬಂದದ್ದು ಇನ್ನೂ ವಿಚಿತ್ರ. ಇವರಿಗೆ ಹೀಬ್ರೂ ಕಲಿಸಿದವರೊಳಗ ಕೊಚ್ಚಿಯ ಯಹೂದಿಗಳು ಇದ್ದಂಗ ಕ್ರಿಸ್ತ ಪಾದ್ರಿಗಳೂ ಇದ್ದರು. ಸ್ಕಾಟ್ಲಂಡಿನ ಜಾನ್ ವಿಲ್ಸನ್ 1832ರಾಗ ಮರಾಠಿಯೊಳಗ ಹೀಬ್ರೂ ವ್ಯಾಕರಣ ಬರದ. ಪಾದ್ರಿಗಳ ಮನಸಿನಾಗ ಇದ್ದದ್ದು ಮತಾಂತರ. ಇವರು ಅಕ್ಷರ ಅಷ್ಟ ತೊಗೊಂಡ್ರು, ಮತ ಬಿಟ್ಟು ಬಂದ್ರು. ಪಾಸೋವರ್ ದಿನ ಓದೋ ಹಗ್ಗಾದಾ ಪುಸ್ತಕ 1846ರಾಗ ಮರಾಠಿಗೆ ಬಂತು. 1874ರಾಗ ಪುಣೆಯೊಳಗ ಚಿತ್ರ ಹಾಕಿದ್ದೂ ಒಂದು ಅಚ್ಚಾತು. ಗಡಿಗಿ ಯಾಕ ಮುಚ್ಚಬೇಕು ಅನ್ನೋದು ಆ ಗಡಿಗಿ ಮುಚ್ಚಿದವರ ಮೊಮ್ಮಕ್ಕಳಿಗೆ ಹಿಂಗ ತಿಳೀತು.

ಆ ಕಾಲದಾಗನ ಹಳ್ಳಿ ಸಿನಗಾಗ್ ಎದ್ದು ನಿಂತ್ವು. ರೇವದಂಡಾದ್ದು 1842, ಅಲಿಬಾಗದ್ದು 1848, ಪನವೇಲದ್ದು 1849, ಪೇಣದ್ದು 1863. ಅಲಿಬಾಗದ್ದಕ್ಕ ಮಾಗೆನ್ ಆವೋತ್ ಅಂತ ಹೆಸರು, 1910ರಾಗ ಅದನ್ನ ಹೊಸದಾಗಿ ಕಟ್ಟಿದ್ರು. ಜೆರುಸಲೇಮು ನಮಗ ಪಡುವಣಕ್ಕ ಬೀಳೋದರಿಂದ ಪವಿತ್ರ ಸುರುಳಿ ಇಡೋ ಕಪಾಟು ಪಡುವಣ ಗ್ವಾಡಿಗೆ ಇರತದ. 1880ರಿಂದ ಕೀರ್ತನಾನೂ ಸುರು ಆದ್ವು. ನಮ್ಮ ಹರಿಕಥಿದಾಸರಂಗನ, ಕಥಿ ಮಾತ್ರ ಹೀಬ್ರೂ ಬೈಬಲ್ಲಿಂದು, ಹಾಡು ಮರಾಠಿ.

ಸಿನಗಾಗ್ ಬಂತು ಅಂತ ಮನಿ ಪೂಜಿ ನಿಲ್ಲಲಿಲ್ಲ. ಇವರ ದೊಡ್ಡ ಹರಕಿ ‘ಮಲಿದಾ’. ಆ ಹೆಸರು ಕೇಳಿದ್ರ ನಮಗ ದರ್ಗಾದ ಮಾಲದಿ ನೆನಪಾಗತದ, ಆದ್ರ ಇವರದು ಅವಲಕ್ಕಿದು. ನೆನಸಿದ ಅವಲಕ್ಕಿಗೆ ಬೆಲ್ಲನೋ ಸಕ್ರಿನೋ, ಹಸಿ ಕೊಬ್ಬರಿ ತುರಿ, ಯಾಲಕ್ಕಿ, ಒಣ ಹಣ್ಣು ಕಲಸಿ ತಾಟಿನಾಗ ಒಟ್ಟತಾರ, ಸುತ್ತಲೂ ಹಣ್ಣು ಇಡತಾರ, ಎಲೀಯಾಹು ಪ್ರವಾದಿ ಹೆಸರಿಲೆ ಹಾಡಿ ಹಂಚತಾರ. ಅಲಿಬಾಗ ಹತ್ತಿರ ಖಂಡಾಳಾದಾಗ ಒಂದು ಬಂಡಿಗಲ್ಲು ಅದ, ಪ್ರವಾದಿಯ ರಥ ಅಲ್ಲೆ ಮುಟ್ಟಿ ಹೋತು ಅಂತ ನಂಬಿಗಿ. ಹೊಸ ವರ್ಷಕ್ಕ ಗೋಧಿ ಹಾಲು, ತೆಂಗಿನ ಹಾಲು ಸೇರಿಸಿ ಹಲ್ವಾ ಮಾಡತಾರ. ತೆಂಗಿನ ಹಾಲು ಯಾಕಂದ್ರ ಮಾಂಸದ ಊಟದ ಜೋಡಿ ದನದ ಹಾಲು ಕೂಡಂಗಿಲ್ಲ.

1948ರಾಗ ಇಸ್ರೇಲ್ ದೇಶ ಹುಟ್ಟಿತು. ಆವಾಗ ಬೆನೆ ಇಸ್ರೇಲ್ ಮಂದಿ ಸುಮಾರು 20,000 ಇದ್ದರು, ಹೆಚ್ಚಿನವರು ಆಗಲೆ ಮುಂಬೈ ಸೇರಿದ್ದರು. ಮುಂದ ಒಂದೊಂದ ಮನಿ ಹಡಗು ಹತ್ತಿದ್ವು. ಇಲ್ಲೆ ಇವರಿಗೆ ಯಾರೂ ಕಾಟ ಕೊಟ್ಟಿದ್ದಿಲ್ಲ. ಧರ್ಮದ ಭೂಮಿ ಕರೀತು, ನೌಕರಿ ಆಶಾ ಎಳೀತು, ಮೊದಲ ಹೋದ ಅಣ್ಣತಮ್ಮಂದಿರು ಕರಸ್ಕೊಂಡ್ರು. ಅಲ್ಲಿ ಹೋದ ಮ್ಯಾಲೆ ಮನಸಿಗೆ ಹತ್ತೋ ಮಾತೊಂದು ನಡೀತು. 1962ರಾಗ ಅಲ್ಲಿಯ ಮುಖ್ಯ ರಬ್ಬಿಗಳ ಪೀಠ, ಇವರ ಜೋಡಿ ಮದುವಿ ನೋಂದಣಿ ಮಾಡೋ ಮೊದಲ ಇವರ ವಂಶ ತಪಾಸಣಿ ಮಾಡ್ರಿ ಅಂತ ಹುಕುಂ ಹೊರಡಿಸಿತು. ನೂರಾರು ವರ್ಷ ರಬ್ಬಿ ಇದ್ದಿಲ್ಲ, ಮದುವಿ-ಬಿಡುಗಡಿ ಶಾಸ್ತ್ರದ ಪ್ರಕಾರ ಆಗಿರಲಿಕ್ಕಿಲ್ಲ ಅನ್ನೋ ಸಂಶಯ. ಪುಸ್ತಕ ಇಲ್ಲದ ಧರ್ಮ ಕಾಪಾಡಿದವರಿಗೆ ಪುಸ್ತಕದವರು ಪುರಾವಾ ಕೇಳಿದ್ರು. ಗಡಿಗಿ ಮುಚ್ಚಿದ್ದಕ್ಕ ಪಾವತಿ ಎಲ್ಲಿಂದ ತರೋದು? ಇವರು ಜೆರುಸಲೇಮಿನಾಗ ಧರಣಿ ಕೂತರು. 1964ರಾಗ ಇವರು ಎಲ್ಲಾ ರೀತಿಯಿಂದಲೂ ಯಹೂದಿಗಳ ಅಂತ ಮಾನ್ಯತಾ ಸಿಕ್ಕಿತು.

ಇತ್ತ ಕೊಂಕಣದಾಗ ಮನಿ ಖಾಲಿ ಆದ್ವು. 2011ರ ಜನಗಣತಿಯೊಳಗ ಇಡೀ ಭಾರತದಾಗ ಸಿಕ್ಕ ಯಹೂದಿಗಳು 4,650. 2016ರಾಗ ಮಹಾರಾಷ್ಟ್ರ ಸರಕಾರ ಅವರಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು. ಯಹೂದಿಗಳ ಪೂರ್ತಿ ಪ್ರಾರ್ಥನಿಗೆ ಕಡಿಮಿ ಅಂದ್ರ ಹತ್ತು ಮಂದಿ ಪ್ರಾಯದ ಗಂಡಸರು ಕೂಡಬೇಕು. ಸಣ್ಣ ಊರಾಗ ಆ ಹತ್ತು ಮಂದಿನ ದೊಡ್ಡ ಲೆಕ್ಕ ಆಗೇದ. ಮೊದಲ ಮನಿ ಇದ್ವು, ಸಿನಗಾಗ್ ಇದ್ದಿಲ್ಲ. ಈಗ ಸಿನಗಾಗ್ ಅವ, ಮನಿ ಉಳದಿಲ್ಲ. ಆದ್ರ ಆ ಮನಿ ಹೋದಲ್ಲೆ, ಇಸ್ರೇಲಿನ ದಿಮೋನಾ, ಲೋದ್, ಅಶ್ದೋದ್ ಊರಾಗ, ಮಲಿದಾ ತಾಟು ಇವತ್ತೂ ತುಂಬತದ.

ಇದನ್ನೆಲ್ಲಾ ಇಷ್ಟು ಉದ್ದ ಬರೀಲಿಕ್ಕೆ ಕಾರಣ ಅದ. ಇತಿಹಾಸದಾಗ ಗುಡಿ ಕಟ್ಟಿದ ಇಸವಿ ಸಿಗತದ, ಕಟ್ಟಿಸಿದವನ ಹೆಸರು ಸಿಗತದ. ಗುಡಿ ಇಲ್ಲದ ಕಾಲದಾಗ ಧರ್ಮ ಹೊತ್ತು ನಡದ ಹೆಣ್ಣಮಕ್ಕಳ ಹೆಸರು ಒಂದೂ ಸಿಗಂಗಿಲ್ಲ. ನಮ್ಮ ಮನಿಯೊಳಗೂ ಇಂಥಾವು ಇರತಾವ ನೋಡ್ರಿ: ಈ ದಿನ ಒಗ್ಗರಣಿ ಹಾಕಬಾರದು, ಆ ದಿನ ಹೆಪ್ಪು ಕೊಡಬಾರದು ಅನ್ನೋವು. ಯಾಕ ಅಂದ್ರ ‘ನಮ್ಮಲ್ಲೆ ಪದ್ಧತಿ ಇಲ್ಲ’ ಅಂತಾರ, ಮುಂದ ಮಾತಿಲ್ಲ. ಅದನ್ನ ಪಾಲಿಸೋದು ಬಿಡೋದು ನಿಮಗ ಬಿಟ್ಟದ್ದು. ಆದ್ರ ಅಂಥಾ ಪದ್ಧತಿ ಗೊತ್ತಿದ್ದ ಅಜ್ಜಿ ಇನ್ನೂ ಮನಿಯೊಳಗ ಇದ್ದರ ಒಂದು ವಹಿ ತೊಗೊಂಡು ಕೂತು ಕೇಳಿ ಬರದಿಡ್ರಿ. ಕಾರಣ ಆಕಿಗೂ ಗೊತ್ತಿರಲಿಕ್ಕಿಲ್ಲ. ಕೊಂಕಣದವರಿಗೂ ಗೊತ್ತಿದ್ದಿಲ್ಲ.