ಹಿಮ ಕಾಪಾಡಿದ ಚಿತ್ರಗಳು

ಕಳೆದ ಮಳೆಗಾಲದಲ್ಲಿ ನಮ್ಮ ಮುಂಬಯಿ ಮನೆಯ ಕಪಾಟು ಖಾಲಿ ಮಾಡುವಾಗ ಅಮ್ಮನ ಮದುವೆಯ ನೆಗೆಟಿವ್‌ಗಳು ಸಿಕ್ಕವು. ಒಂದಕ್ಕೊಂದು ಅಂಟಿಕೊಂಡು ಬೂಷ್ಟು ಹಿಡಿದಿದ್ದವು. ಯಾರೂ ಮುಟ್ಟದೆ ಇಟ್ಟದ್ದು ಹೀಗೇಕಾಯಿತು? ಉತ್ತರ ಹುಡುಕುತ್ತಾ ಓದಿದ ಒಂದು ಕಥೆ ಮನಸ್ಸಿನಲ್ಲಿ ನಿಂತಿದೆ.

1897ರ ಜುಲೈ 11ರಂದು ಸ್ವೀಡನ್ನಿನ ಆಂದ್ರೆ, ಸ್ಟ್ರಿಂಡ್‌ಬರ್ಗ್, ಫ್ರೆಂಕೆಲ್ ಎಂಬ ಮೂವರು ಸ್ವಾಲ್‌ಬಾರ್ಡ್‌ನಿಂದ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟರು. ಮೂರೇ ದಿನಕ್ಕೆ ಬಲೂನು ಮಂಜುಗಡ್ಡೆಯ ಮೇಲೆ ಇಳಿದುಬಿಟ್ಟಿತು. ಎರಡು ತಿಂಗಳಿಗೂ ಹೆಚ್ಚು ಕಾಲ ಹಿಮದ ಮೇಲೆ ಅಲೆದು, ಕೊನೆಗೆ ಒಂದು ನಿರ್ಜನ ದ್ವೀಪ ಸೇರಿ ಅಲ್ಲೇ ತೀರಿಕೊಂಡರು. ಅವರ ಕುರುಹು ಸಿಕ್ಕಿದ್ದು 1930ರಲ್ಲಿ, 33 ವರ್ಷಗಳ ನಂತರ. ಜೊತೆಗೆ ಸ್ಟ್ರಿಂಡ್‌ಬರ್ಗ್ ತೆಗೆದಿದ್ದ, ತೊಳೆಯದ ಫಿಲ್ಮುಗಳೂ ಸಿಕ್ಕವು. ಸ್ಟಾಕ್‌ಹೋಮಿನ ಜಾನ್ ಹರ್ಟ್ಸ್‌ಬರ್ಗ್ ಅವುಗಳನ್ನು ತೊಳೆದರು. ಸುಮಾರು 240ರ ಪೈಕಿ 93 ಚಿತ್ರಗಳು ಉಳಿದವು. ಮಗುಚಿ ಬಿದ್ದ ಬಲೂನಿನ ಎದುರು ನಿಂತ ಇಬ್ಬರು ಕಲೆಗಳ ನಡುವೆ ಇಂದಿಗೂ ಕಾಣುತ್ತಾರೆ. ಮೂರನೆಯವನು ಕ್ಯಾಮೆರಾದ ಹಿಂದಿದ್ದ.

ಫಿಲ್ಮಿನ ಮೇಲಿರುವುದು ಬೆಳ್ಳಿಯ ಲವಣ ಸೇರಿದ ಜೆಲಟಿನ್ ಪದರ. ಬೆಳಕು ಬಿದ್ದಾಗ ಅದರಲ್ಲಿ ಮೂಡುವ ಚಿತ್ರ, ತೊಳೆಯುವವರೆಗೂ ಕಣ್ಣಿಗೆ ಕಾಣದು. ಬಿಸಿಲು, ಸೆಕೆ ಆ ಚಿತ್ರವನ್ನು ಬೇಗ ಮಸುಕಾಗಿಸುತ್ತವೆ. ತೇವ ಹೀರಿದ ಜೆಲಟಿನ್ ಬೂಷ್ಟಿಗೆ ಊಟ. ಚಳಿ ಇವೆಲ್ಲವನ್ನೂ ನಿಧಾನಿಸುತ್ತದೆ.

ಆದರೆ ಚಿತ್ರ ತೆಗೆಯುವವರಿಗೆ ಅದೇ ಚಳಿ ಶತ್ರು. ಅತಿ ಶೀತದಲ್ಲಿ ಫಿಲ್ಮು ಪೆಡಸಾಗಿ ಸುತ್ತುವಾಗ ತುಂಡಾಗುತ್ತದೆ. ಒಣ ಹವೆಯಲ್ಲಿ ಬೇಗ ಸುತ್ತಿದರೆ ವಿದ್ಯುತ್ ಕಿಡಿ ಹಾರಿ, ಚಿತ್ರದ ಮೇಲೆ ಮಿಂಚಿನಂಥ ಗೆರೆ ಬೀಳುತ್ತದೆ. ತಣ್ಣಗಿನ ಕ್ಯಾಮೆರಾವನ್ನು ಬೆಚ್ಚಗಿನ ಡೇರೆಗೆ ತಂದರೆ ಒಳಗೆಲ್ಲ ನೀರಹನಿ.

ಸ್ಟ್ರಿಂಡ್‌ಬರ್ಗ್‌ಗೆ ಮದುವೆ ಗೊತ್ತಾಗಿತ್ತು. ಹುಡುಗಿ ಆನಾ ಶಾರ್ಲಿಯೆ. ಹಿಮದಲ್ಲಿದ್ದಾಗಲೂ ಅವಳಿಗೆ ಪತ್ರ ಬರೆಯುತ್ತಿದ್ದ. ಬಹಳ ವರ್ಷ ಕಾದು ಆಕೆ ಬೇರೊಬ್ಬರನ್ನು ಮದುವೆಯಾದಳು. 1949ರಲ್ಲಿ ತೀರಿಕೊಂಡಾಗ, ಆಕೆಯ ಇಚ್ಛೆಯಂತೆ ಹೃದಯವನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟು ಅವನ ಸಮಾಧಿಯಲ್ಲಿ ಇರಿಸಿದರು.

ಮೂವರು ತೀರಿಕೊಂಡ ದ್ವೀಪದ ಚಳಿಯೇ ಅವರ ಚಿತ್ರಗಳನ್ನು ಕಾದಿತ್ತು. ನಮ್ಮ ಕಪಾಟಿನ ಸೆಕೆ, ತೇವ ಅಮ್ಮನ ಧಾರೆಯ ಚಿತ್ರವನ್ನು ತಿಂದುಹಾಕಿತ್ತು. ಉಳಿದ ನೆಗೆಟಿವ್‌ಗಳನ್ನು ಈಗ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಹೊರಗೆ ತೆಗೆದಾಗ, ಚಳಿ ಬಿಡುವ ತನಕ ಡಬ್ಬಿಯ ಮುಚ್ಚಳ ತೆರೆಯುವುದಿಲ್ಲ. ನಿಮ್ಮ ಮನೆಯ ಕಪಾಟನ್ನೂ ಈ ಮಳೆಗಾಲಕ್ಕೆ ಮೊದಲೊಮ್ಮೆ ನೋಡಿ.