ಕಡಲ ಮೇಲಿನ ಚೇತಕ

ಕಳೆದ ತಿಂಗಳು ಯಲಬುರ್ಗಿಯ ಕಡೆಯ ರೈತರೊಬ್ಬರು ನಮ್ಮ ಮನೆಗೆ ಬಂದಿದ್ದರು. ಅವರ ಮಗ ನನ್ನ ವಿದ್ಯಾರ್ಥಿ, ಪಿ. ಯು. ಮುಗಿಸಿ ನೌಕಾದಳಕ್ಕೆ ಅರ್ಜಿ ಹಾಕುವ ಹಂಬಲದಲ್ಲಿದ್ದಾನೆ. ಅದರಲ್ಲಿಯೂ ಹೆಲಿಕಾಪ್ಟರುಗಳನ್ನು ನೋಡಿಕೊಳ್ಳುವ ಕೆಲಸವೇ ಬೇಕಂತೆ. ಚಹ ಕುಡಿದು ಲೋಟ ಕೆಳಗಿಟ್ಟು ಅವರು ಕೇಳಿದರು: "ಸರ, ಹಡಗಂದ್ರ ಒಂದು ಗಂಡಾಂತರ. ಅದರ ಮ್ಯಾಲೆ ಮತ್ತ ಹೆಲಿಕಾಪ್ಟರ್ ಅಂದ್ರ ಎರಡು ಗಂಡಾಂತರ ಆತಲ್ರಿ? ಹಡಗಿನವರಿಗೆ ಅದರ ಗರಜಾದರೂ ಏನೈತಿ?"

ಪಂಪ ರನ್ನರನ್ನು ಪಾಠ ಹೇಳುವವನಿಗೆ ಇದು ಸುಲಭದ ಪ್ರಶ್ನೆಯಲ್ಲ. ಆದರೆ ಪ್ರಶ್ನೆ ನ್ಯಾಯವಾದುದು. ಆಗ ತಡವರಿಸಿ ಏನೋ ಹೇಳಿದೆ. ಆ ಮೇಲೆ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಲಿಕಾಪ್ಟರು ಏತಕ್ಕೆ ಎಂಬುದನ್ನು ಗಂಗಾವತಿಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ೨೦೧೯ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ವಿರುಪಾಪುರಗಡ್ಡೆಯನ್ನು ಸುತ್ತುವರಿದಾಗ ನೂರಾರು ಪ್ರವಾಸಿಗರು ಅಲ್ಲಿ ಸಿಕ್ಕಿಬಿದ್ದರು. ಕಾಪಾಡಲು ಹೋದ ದೋಣಿಯೇ ಮಗುಚಿ, ಕಾಪಾಡುವವರನ್ನು ಕಾಪಾಡಬೇಕಾದ ಪ್ರಸಂಗ ಬಂದಿತು. ಆಗ ಆಕಾಶದಿಂದ ನೆರವು ಬಂದುದನ್ನು ದಡದಲ್ಲಿ ನಿಂತು ಕಂಡವರು ಅನೇಕರು. ಅಲ್ಲಿಂದ ಕೂಗಳತೆಯಲ್ಲಿಯೇ ಅಂಜನಾದ್ರಿ. ಕಡಲನ್ನು ಹಾರಿದವನು ಹುಟ್ಟಿದ ಬೆಟ್ಟವೆಂದು ನಮ್ಮ ಜನ ಭಕ್ತಿಯಿಂದ ಹತ್ತುವ ಸ್ಥಳ. ಹೊಳೆಯ ಮಾತೇ ಹೀಗಾದರೆ ದಡವೇ ಕಾಣದ ಕಡಲಿನ ಮಾತೇನು?

ಈಗ ಚರಿತ್ರೆಗೆ ಬರೋಣ. ೧೯೬೧ರ ಮಾರ್ಚಿಯಲ್ಲಿ ನಮ್ಮ ಮೊದಲ ವಿಮಾನವಾಹಕ ಹಡಗು ವಿಕ್ರಾಂತ ಸೇವೆಗೆ ಸೇರಿತು. ತೇಲುವ ಹಡಗಿನ ಅಂಗಳದಿಂದ ವಿಮಾನ ಏರುವುದು, ಇಳಿಯುವುದು ಎರಡೂ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಆಗಬೇಕಾದ ಕೆಲಸ. ಸ್ವಲ್ಪ ತಪ್ಪಿದರೆ ವಿಮಾನ ನೀರಿಗೆ. ಬಿದ್ದ ಚಾಲಕನಿಗಾಗಿ ಅಷ್ಟು ದೊಡ್ಡ ಹಡಗನ್ನು ತಿರುಗಿಸಿ ತರುವಷ್ಟರಲ್ಲಿ ಅವನ ಗತಿ ಮುಗಿದಿರುತ್ತದೆ. ಆದುದರಿಂದ ವಿಮಾನಗಳು ಏರಿಳಿಯುವಷ್ಟು ಹೊತ್ತೂ ಹಡಗಿನ ಪಕ್ಕದಲ್ಲಿ ಒಂದು ಹೆಲಿಕಾಪ್ಟರು ಗಾಳಿಯಲ್ಲಿ ಕಾದು ನಿಂತಿರುವ ಪದ್ಧತಿ ಬೆಳೆಯಿತು. ಯಾರೂ ಬೀಳದಿದ್ದರೆ ಅದಕ್ಕೆ ಕೆಲಸವಿಲ್ಲ. ಕೆಲಸವಿಲ್ಲದ ದಿನವೇ ಅದರ ಒಳ್ಳೆಯ ದಿನ.

ಈ ಕೆಲಸಕ್ಕೆ ಒದಗಿದುದು ಫ್ರಾನ್ಸಿನ ಅಲುವೆಟ್ ಎಂಬ ಯಂತ್ರ. ಆ ಹೆಸರು ಅವರ ಭಾಷೆಯಲ್ಲಿ ಒಂದು ಪುಟ್ಟ ಹಕ್ಕಿಯದು. ಅದರ ಬಳಗದ ಹಕ್ಕಿಗಳು ನಮ್ಮ ಕುಷ್ಟಗಿಯ ಬಯಲಿನಲ್ಲಿಯೂ ಉಂಟು. ಹೊಲದ ಹೆಂಟೆಗಳ ನಡುವಿನಿಂದ ಮೇಲಕ್ಕೆದ್ದು, ಹಾಡಿ, ಮತ್ತೆ ಅಲ್ಲಿಯೇ ಇಳಿಯುವ ಮಣ್ಣಿನ ಬಣ್ಣದ ಹಕ್ಕಿ. ಇದ್ದಲ್ಲಿಂದಲೇ ಏರಿ ಇದ್ದಲ್ಲಿಗೇ ಇಳಿಯುವ ಯಂತ್ರಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕುವುದು ಕಷ್ಟ. ೧೯೬೨ರಲ್ಲಿ ಫ್ರೆಂಚರೊಡನೆ ಒಪ್ಪಂದವಾಗಿ, ೧೯೬೫ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸಿನಲ್ಲಿ ಸಿದ್ಧವಾದ ಮೊದಲನೆಯದು ಹಾರಿತು. ಮುಂದೆ ಅದಕ್ಕೆ ಚೇತಕ ಎಂದು ಹೆಸರಾಯಿತು. ಹಳದಿಘಾಟಿಯ ಕಾಳಗದಲ್ಲಿ, ತನಗೆ ಗಾಯವಾಗಿದ್ದರೂ ರಾಣಾ ಪ್ರತಾಪನನ್ನು ಹೊತ್ತು ಹಳ್ಳವನ್ನು ನೆಗೆದು ಪಾರುಮಾಡಿತೆಂದು ಹೇಳುವ ಕುದುರೆಯ ಹೆಸರು. ಹೀಗೆ ಹಕ್ಕಿ ಕುದುರೆಯಾಯಿತು. ಇಂಥವು ೩೦೦ಕ್ಕೂ ಹೆಚ್ಚು ಬೆಂಗಳೂರಿನಲ್ಲಿ ತಯಾರಾದುವು. ನೌಕಾದಳದ ಚೇತಕಗಳು ಈ ಅರ್ಥದಲ್ಲಿ ಕನ್ನಡ ನಾಡಿನ ಕೂಸುಗಳೇ.

೧೯೬೯ರಲ್ಲಿ ಈ ಯಂತ್ರಗಳದೇ ಒಂದು ಪಡೆ ಏರ್ಪಟ್ಟಿತು. ಸಂಖ್ಯೆ ೩೨೧, ಅಡ್ಡಹೆಸರು 'ಏಂಜೆಲ್ಸ್', ಎಂದರೆ ದೇವದೂತರು. ಯುದ್ಧದ ಪಡೆಗಳು ಹುಲಿ ಹದ್ದುಗಳ ಹೆಸರನ್ನು ಬಯಸುವ ಲೋಕದಲ್ಲಿ ಈ ಹೆಸರು ನನಗೆ ವಿಶೇಷವಾಗಿ ಕಂಡಿತು. ಇಂಥ ಪಡೆ ಒಂದೇ ಕಡೆ ಕಟ್ಟಾಗಿ ಇರುವುದಿಲ್ಲ. ಒಂದೆರಡು ಯಂತ್ರ, ಅವುಗಳ ಚಾಲಕರು, ಮೆಕ್ಯಾನಿಕರು ಸೇರಿ ಒಂದೊಂದು ತುಕಡಿಯಾಗಿ ಬೇರೆ ಬೇರೆ ಹಡಗುಗಳನ್ನು ಏರಿ ತಿಂಗಳುಗಟ್ಟಲೆ ಹೋಗಿಬಿಡುತ್ತಾರೆ. ಅಲ್ಲಿ ಉಪ್ಪುಗಾಳಿಯೇ ಅವರ ನಿತ್ಯದ ವೈರಿ. ಹಾರಿ ಬಂದ ಯಂತ್ರವನ್ನು ಸಿಹಿನೀರಿನಿಂದ ತೊಳೆಯಬೇಕು, ತುಕ್ಕು ಹುಡುಕಬೇಕು. ನನ್ನ ವಿದ್ಯಾರ್ಥಿ ಬಯಸಿರುವ ಕೆಲಸ ಇದೇ. ಇದರಲ್ಲಿ ಚಿತ್ರಪಟದ ಮಿಂಚು ಕಡಿಮೆ, ಮೈಮುರಿತ ಹೆಚ್ಚು.

೧೯೭೧ರ ಡಿಸೆಂಬರಿನಲ್ಲಿ ವಿಕ್ರಾಂತವು ಬಂಗಾಳ ಕೊಲ್ಲಿಯಿಂದ ಕಾಕ್ಸ್ ಬಜಾರ್, ಚಿತ್ತಗಾಂಗುಗಳ ಮೇಲೆ ವಿಮಾನಗಳನ್ನು ಕಳುಹಿಸಿದಾಗ ಈ ದೇವದೂತರೂ ಹಡಗಿನಲ್ಲಿದ್ದರು. ಅದೇ ಯುದ್ಧದಲ್ಲಿ, ಡಿಸೆಂಬರ್ ೯ರ ರಾತ್ರಿ, ದಿಯು ಬಳಿಯ ಸಮುದ್ರದಲ್ಲಿ ಪಾಕಿಸ್ತಾನದ ಹಂಗೋರ್ ಎಂಬ ಜಲಾಂತರ್ಗಾಮಿಯು ನಮ್ಮ ಖುಕ್ರಿ ಹಡಗನ್ನು ಮುಳುಗಿಸಿತು. ೧೮ ಅಧಿಕಾರಿಗಳು, ೧೭೬ ನಾವಿಕರು ತೀರಿಕೊಂಡರು. ನೀರಿನೊಳಗೆ ಅಡಗಿದ ವೈರಿಯನ್ನು ಹಡಗು ಹುಡುಕಹೊರಟರೆ ಹಡಗೇ ಅದಕ್ಕೆ ಗುರಿಯಾದೀತು. ಹೆಲಿಕಾಪ್ಟರಿಗೆ ಆ ಭಯ ಅಷ್ಟಾಗಿ ಇಲ್ಲ. ಅದು ನೀರಿನ ಮೇಲೆ ನಿಂತು, ಬಾವಿಗೆ ಕೊಡ ಇಳಿಬಿಟ್ಟಂತೆ ಒಂದು ಶಬ್ದಯಂತ್ರವನ್ನು ಇಳಿಬಿಟ್ಟು ಕಿವಿಗೊಡುತ್ತದೆ. ಕೇಳಿಸದಿದ್ದರೆ ಎತ್ತಿಕೊಂಡು ಮತ್ತೊಂದು ಕಡೆಗೆ ಹೋಗುತ್ತದೆ. ಇದಕ್ಕೆಂದೇ ತಂದ ಇಂಗ್ಲೆಂಡಿನ ಸೀ ಕಿಂಗುಗಳ ೩೩೦ನೆಯ ಪಡೆ ಹುಟ್ಟಿದುದೂ ೧೯೭೧ರಲ್ಲಿಯೇ. ಮರುವರ್ಷ ಸೇವೆಗೆ ಬಂದ ನೀಲಗಿರಿ ಹಡಗು ಟಾರ್ಪಿಡೊ ಹೊರುವ ಅಲುವೆಟನ್ನೇ ತನ್ನ ಜೊತೆಗೆ ಇಟ್ಟುಕೊಂಡಿತು. ರೈತರು ಕೇಳಿದ 'ಗರಜು' ಇದು.

ಹೆಲಿಕಾಪ್ಟರು ಎಲ್ಲವನ್ನೂ ಮಾಡಬಲ್ಲುದೆಂದು ತಿಳಿಯಬಾರದು. ೨೦೦೫ರ ಜುಲೈ ೨೭ರಂದು ಬಾಂಬೆ ಹೈ ಎಣ್ಣೆಬಾವಿಯ ಕಟ್ಟೆಗೆ ಬೆಂಕಿ ಬಿದ್ದಾಗ, ಹಿಂದಿನ ದಿನದ ಮಹಾಮಳೆಯ ಹೊಡೆತದಿಂದ ಮುಂಬಯಿಯ ಹೆಲಿಕಾಪ್ಟರುಗಳು ಮೇಲೇಳಲಾರದೆ ಹೋದುವು. ಆ ದಿನ ೩೬೨ ಜನ ಉಳಿದು ೨೨ ಜನ ಸತ್ತರು. ಉಳಿದವರಲ್ಲಿ ಹೆಚ್ಚಿನವರು ಉಳಿದುದು ಹಡಗುಗಳಿಂದ. ಮಳೆಗಾಲದ ಅರಬ್ಬೀ ಸಮುದ್ರಕ್ಕೆ ಚೇತಕವೂ ತಲೆಬಾಗಬೇಕು.

ಆದರೆ ೨೦೧೮ರ ಆಗಸ್ಟಿನ ಕೇರಳದ ನೆರೆಯಲ್ಲಿ ನಡೆದುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆಲುವದ ಬಳಿ ತುಂಬು ಗರ್ಭಿಣಿಯೊಬ್ಬಳು ನೀರಿನ ನಡುವೆ ಸಿಕ್ಕಿಕೊಂಡಿದ್ದಳು. ಕಮಾಂಡರ್ ವಿಜಯ್ ವರ್ಮಾ ಅವರ ಹೆಲಿಕಾಪ್ಟರಿನಿಂದ ಮೊದಲು ಒಬ್ಬ ವೈದ್ಯರನ್ನು ಹಗ್ಗದಲ್ಲಿ ಕೆಳಗಿಳಿಸಿದರು. ಎತ್ತಬಹುದೆಂದು ವೈದ್ಯರು ಹೇಳಿದ ಮೇಲೆ ಆಕೆಯನ್ನು ಮೇಲಕ್ಕೆ ಎಳೆದುಕೊಂಡರು. ಅದೇ ದಿನ ಕೊಚ್ಚಿಯ ನೌಕಾ ಆಸ್ಪತ್ರೆಯಲ್ಲಿ ಆಕೆ ಗಂಡುಮಗುವನ್ನು ಹೆತ್ತಳು. ಆಸ್ಪತ್ರೆಯ ಹೆಸರು ಸಂಜೀವನಿ. ಅಂಜನಾದ್ರಿಯ ಸೀಮೆಯವನಾದ ನನಗೆ ಈ ಹೆಸರನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಇನ್ನು ಗಂಡಾಂತರದ ಮಾತು. ಅದನ್ನು ಮರೆಮಾಚಿದರೆ ಆ ತಂದೆಗೆ ಮೋಸ ಮಾಡಿದಂತೆ. ಚೇತಕದ ಮೂಲ ಯಂತ್ರ ಮೊದಲು ಹಾರಿದುದು ೧೯೫೯ರಲ್ಲಿ. ಅರುವತ್ತು ವರ್ಷ ದಾಟಿದ ವಿನ್ಯಾಸವನ್ನು ಇಷ್ಟು ಕಾಲ ದುಡಿಸಿದುದು ಮೆಕ್ಯಾನಿಕರ ಹೆಚ್ಚುಗಾರಿಕೆ. ಬದಲಿಯನ್ನು ತಡಮಾಡಿದವರ ಹೆಚ್ಚುಗಾರಿಕೆಯಲ್ಲ. ೨೦೨೩ರ ನವೆಂಬರಿನಲ್ಲಿ ಕೊಚ್ಚಿಯ ನೌಕಾ ನೆಲೆಯಲ್ಲಿ ಚೇತಕವೊಂದು ಅಪಘಾತಕ್ಕೀಡಾದಾಗ ಸತ್ತುದು ನೆಲದ ಮೇಲಿದ್ದ ನಾವಿಕ. ಬೆಂಗಳೂರಿನಲ್ಲಿಯೇ ರೂಪುಗೊಂಡ ಧ್ರುವದ ಪಡೆ ೨೦೧೩ರಲ್ಲಿ ನೌಕಾದಳಕ್ಕೆ ಬಂದಿತ್ತು. ೨೦೨೫ರ ಜನವರಿ ೫ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾದಳದ ಧ್ರುವ ಬಿದ್ದು ಮೂವರು ತೀರಿಕೊಂಡರು. ಕೂಡಲೇ ಎಲ್ಲ ಧ್ರುವಗಳ ಹಾರಾಟವನ್ನೂ ನಿಲ್ಲಿಸಿ ಪರೀಕ್ಷೆಗೆ ತೊಡಗಿದರು. ಭೂಸೇನೆ, ವಾಯುಸೇನೆಗಳವು ಕೆಲವು ತಿಂಗಳಲ್ಲಿ ಮತ್ತೆ ಹಾರಿದುವು. ಕಡಲಿನವುಗಳ ಪರೀಕ್ಷೆ ಇನ್ನೂ ಬೆಳೆಯಿತು. ಹೊಸತು ನಿಂತಾಗ ಹೊರೆ ಹಳೆಯದರ ಬೆನ್ನಿಗೇ ಬಿತ್ತು. ೨೦೨೩ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರುಗಳ ಹೊಸ ಕಾರ್ಖಾನೆಯೇನೋ ಆಗಿದೆ. ಹಕ್ಕಿಯ ಹೆಸರಿನ ಊರು. ಅಲುವೆಟಿನ ವಾರಸುದಾರಿಕೆಗೆ ತಕ್ಕುದೇ.

ಇಷ್ಟನ್ನೂ ಮೊನ್ನೆ ರವಿವಾರ ಆ ರೈತರಿಗೆ ಹೇಳಿದೆ. ಗರ್ಭಿಣಿಯ ಕಥೆಯನ್ನು ಎರಡು ಸಲ ಕೇಳಿದರು; ಕೊಚ್ಚಿಯ ನಾವಿಕನ ಸಂಗತಿ ಬಂದಾಗ ಏನೂ ಮಾತಾಡಲಿಲ್ಲ. ಎದ್ದು ಹೊರಡುವಾಗ, "ಅವರವ್ವನ್ನ ಕೇಳಿ ಹೇಳ್ತೀನ್ರಿ ಸರ" ಎಂದರು. ಅರ್ಜಿಗೆ ಇನ್ನೂ ಒಂದು ವಾರದ ಗಡುವು ಇದೆ.