ಸೆಂಟ್ಸ್

ಶಿರೂರು ದಾಟಿ ಭಟ್ಕಳದ ಕಡೆಗೆ ಹೋದರೆ ಕಡಲು ಅದೇ, ತೆಂಗು ಅದೇ, ಮಳೆಯೂ ಅದೇ. ಜಾಗ ಅಳೆಯುವ ಮಾತು ಮಾತ್ರ ಬೇರೆ. ಈಚೆ ಸೆಂಟ್ಸ್, ಆಚೆ ಗುಂಟೆ. 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿ ಪ್ರಾಂತಕ್ಕೆ ಸೇರಿಸಿ ದಕ್ಷಿಣ ಕನ್ನಡವನ್ನು ಮದರಾಸಿನಲ್ಲೇ ಉಳಿಸಿಕೊಂಡರು. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಬಂದವು. ಜಾಗದ ಮಾತು ಬಂದಾಗ ಆ ಹಳೆಯ ಗಡಿ ಇಂದಿಗೂ ಕೇಳಿಸುತ್ತದೆ.

ಎಕರೆಯ ನೂರರಲ್ಲೊಂದು ಪಾಲು ಸೆಂಟ್ಸ್, 435.6 ಚದರ ಅಡಿ. ಸರ್ವೆಯವರ 66 ಅಡಿ ಸರಪಳಿಗೆ ನೂರು ಕೊಂಡಿ, ಸಾವಿರ ಚದರ ಕೊಂಡಿಗೆ ಒಂದು ಸೆಂಟ್ಸ್. ಇಂಗ್ಲಿಷಿನ ಬಹುವಚನವನ್ನು ನಾವು ಹಾಗೇ ಒಗ್ಗಿಸಿಕೊಂಡಿದ್ದೇವೆ: ಒಂದಾದರೂ ಸೆಂಟ್ಸೇ, ಮುಕ್ಕಾಲಾದರೂ ಸೆಂಟ್ಸೇ. ಬೆಂಗಳೂರಿನ 30-40 ಸೈಟು ನಮ್ಮ ಲೆಕ್ಕದಲ್ಲಿ ಎರಡೂಮುಕ್ಕಾಲು ಸೆಂಟ್ಸು.

ಹಿಂದೆ ಗದ್ದೆಯನ್ನು ಮುಡಿಯ ಲೆಕ್ಕದಲ್ಲಿ ಹೇಳುತ್ತಿದ್ದರು. ಇಷ್ಟು ಮುಡಿ ಅಕ್ಕಿ ಗೇಣಿಯ ಗದ್ದೆ ಅಂದರೆ ಅದರ ಫಲವೂ ತಿಳಿಯುತ್ತಿತ್ತು, ಒಕ್ಕಲಿನ ಹೊರೆಯೂ ತಿಳಿಯುತ್ತಿತ್ತು. 1974ರ ಭೂಸುಧಾರಣೆಯಲ್ಲಿ ಗೇಣಿ ಹೋಯಿತು. ಒಕ್ಕಲುಗಳು ಡಿಕ್ಲರೇಷನ್ ಕೊಟ್ಟು ಉಳುತ್ತಿದ್ದ ನೆಲದ ಒಡೆಯರಾದರು. 'ಡಿಕ್ಲರೇಷನ್‌ನಲ್ಲಿ ಬಂದ ಜಾಗ' ಎಂಬ ಮಾತು ಇವತ್ತಿಗೂ ಅಭಿಮಾನದಿಂದ ಬರುತ್ತದೆ. ಆಮೇಲೆ ಮಕ್ಕಳಿಗೆ ಪಾಲಾಗಿ, ಮೊಮ್ಮಕ್ಕಳಿಗೆ ಪಾಲಾಗಿ, ಎಕರೆ ಸೆಂಟ್ಸಿಗೆ ಇಳಿಯಿತು. ಬಡವರ ಪಾಲಿಗಂತೂ ಇದು ಬಲು ದೊಡ್ಡ ಪದ. ಮನೆಯಿಲ್ಲದವರಿಗೆ ಸರಕಾರ ಹಂಚಿದ ನೆಲದಿಂದಾಗಿ 'ಐದು ಸೆಂಟ್ಸ್' ಎಂಬುದೇ ಕಾಲನಿಯ ಹೆಸರಾಯಿತು. ಅದನ್ನು ಕೀಳಾಗಿ ಆಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸ್ವಂತದ ಬಾವಿ, ಎರಡು ತೆಂಗು, ಒಂದು ಸೂರು ಅಷ್ಟರಲ್ಲೇ ಎದ್ದು ನಿಂತಿವೆ.

ಆದರೆ ಸೆಂಟ್ಸ್ ಹೇಳುವುದು ಅಗಲ ಉದ್ದ ಮಾತ್ರ. ನೀರಿನ ಸಂಗತಿ ಅದಕ್ಕೆ ಗೊತ್ತಿಲ್ಲ. ಅದನ್ನು ಬಲ್ಲ ಮಾತುಗಳು ಈ ನೆಲದಲ್ಲಿ ಮೊದಲೇ ಇದ್ದವು: ಬೈಲು, ಮಜಲು, ಬೆಟ್ಟು. ತಗ್ಗಿನ ಬೈಲಿನಲ್ಲಿ ವರ್ಷಕ್ಕೆ ಮೂರು ಬೆಳೆ, ನಡುವಿನ ಮಜಲಿನಲ್ಲಿ ಎರಡು, ಮೇಲಿನ ಬೆಟ್ಟಿನಲ್ಲಿ ಮಳೆ ನಂಬಿದ ಒಂದೇ. ಮೂರು ಬೆಳೆಗೆ ನೀರು ಉಳಿಸಿಕೊಳ್ಳುವ ನೆಲ ಮನೆ ಕಟ್ಟಿದವರಿಗೂ ಅದೇ ನೀರನ್ನು ಕೊಡುತ್ತದೆ. ಮಂಗಳೂರಿನ ಕೊಡಿಯಾಲ್‌ಬೈಲ್, ಉಡುಪಿಯ ಬೈಲಕೆರೆ, ಗುಂಡಿಬೈಲು. ಹೆಸರೇ ಎಚ್ಚರಿಕೆ ಹೇಳುತ್ತದೆ. 2018ರ ಮೇ ಕೊನೆಗೆ ಮಂಗಳೂರಿನಲ್ಲಿ, 2020ರ ಸೆಪ್ಟೆಂಬರಿನಲ್ಲಿ ಉಡುಪಿಯಲ್ಲಿ ಮನೆಯೊಳಗೆ ನೀರು ನುಗ್ಗಿದ್ದನ್ನು ನಾವು ಮರೆತಿಲ್ಲ.

ಈಗ ಖಾಲಿ ಜಾಗದ ಜಾಹೀರಾತು ಓದಿ. 'ಏಳು ಸೆಂಟ್ಸ್, ಸಮತಟ್ಟು, ಕನ್ವರ್ಷನ್ ಆಗಿದೆ, ರಸ್ತೆ ಬದಿ.' ಸಮತಟ್ಟು ಹೇಗಾಯಿತು? ಎಲ್ಲಿಯದೋ ಗುಡ್ಡ ಜರಿದು ತಂದ ಕೆಂಪು ಮಣ್ಣನ್ನು ಗದ್ದೆಗೆ ತುಂಬಿ ಹಾಗೆ ಮಾಡಿರಬಹುದು. ಬದಿಯ ತೋಡು ಆ ಮಣ್ಣಿನಡಿ ಸಪೂರವಾಗಿರಬಹುದು. ಕಾಗದವೂ ಆಗ ಮಾತು ಬಿಡುತ್ತದೆ. ಪಹಣಿಯಲ್ಲಿ ಕಿಸಂ ಎಂಬಲ್ಲಿ ಮೊದಲು ನಂಜ ಎಂದಿದ್ದರೆ ಗದ್ದೆಯ ನೆಲ, ಪುಂಜ ಎಂದಿದ್ದರೆ ಒಣ ನೆಲ ಎಂದು ತಿಳಿಯಬಹುದಿತ್ತು. ಪರಿವರ್ತನೆಯಾದ ಮೇಲೆ ಅಲ್ಲಿ 'ಕನ್ವರ್ಟೆಡ್' ಎಂದಷ್ಟೇ ಬರುತ್ತದೆ.

ಸಾಲ ಮಾಡಿ, ಗಲ್ಫಿನಲ್ಲಿ ದುಡಿದು ಐದಾರು ಸೆಂಟ್ಸ್ ಕೊಳ್ಳುವವರಿಗೆ ಇದೊಂದು ಮಾತು ಯಾರಾದರೂ ಹೇಳಲೇಬೇಕು. ಸೆಂಟ್ಸಿಗೆ ಎಷ್ಟು ಎಂದು ವಿಚಾರಿಸುವ ಮೊದಲು ಪರಿವರ್ತನೆಗಿಂತ ಹಿಂದಿನ ಪಹಣಿ ತರಿಸಿ ನೋಡಿ. ಜಾಗವನ್ನು ಆಟಿ ತಿಂಗಳ ಮಳೆಯಲ್ಲಿ ನೋಡಿ, ಬೇಸಿಗೆಯಲ್ಲಲ್ಲ. ನೆರೆಮನೆಯ ಅಜ್ಜಿಯನ್ನು ಮಾತಾಡಿಸಿ: 'ಅಮ್ಮಾ, ಇದು ಮೊದಲು ಬೈಲಾ, ಬೆಟ್ಟಾ?'